ಊಟ ಆಯ್ತಾ, ಅಕ್ಕಾ?

ನಮ್ಮ ಕಡೆ ಇಬ್ಬರು ಹೆಂಗಸರು ಎದುರಾದರೆ ಮೊದಲು ಕೇಳುವ ಮಾತು ಯಾವುದು? "ಊಟ ಆಯ್ತಾ, ಅಕ್ಕಾ?" ನಲ್ಲಿಯ ಹತ್ತಿರ ಇದೇ ಮಾತು. ಹೊಲದ ಬದುವಿನಲ್ಲೂ ಇದೇ ಮಾತು. "ಹ್ಞೂ, ಆಯ್ತು ಕಣಮ್ಮ" ಅಂತ ಹೇಳಿ ಮುಂದೆ ಹೋಗುತ್ತೇವೆ.

ಆದರೆ ಏನು ಉಂಡೆವು? ಎಷ್ಟು ಹೊತ್ತಿಗೆ ಉಂಡೆವು? ಹೊಟ್ಟೆ ತುಂಬಿತಾ? ಇದನ್ನು ಯಾರೂ ಕೇಳುವುದಿಲ್ಲ. ನಾವೂ ಹೇಳುವುದಿಲ್ಲ. ಈ ಪಾಠದಲ್ಲಿ ಅದನ್ನೇ ಕೇಳಿಕೊಳ್ಳೋಣ.

ಕೊನೆಯ ತಟ್ಟೆ ಯಾರದು?

ಮನೆಯಲ್ಲಿ ಅಡುಗೆ ಮಾಡುವವರು ನಾವು. ಬಡಿಸುವವರೂ ನಾವು. ಮೊದಲು ಗಂಡಸರ ಊಟ. ಆಮೇಲೆ ಮಕ್ಕಳು, ಅತ್ತೆ, ಮಾವ. ಎಲ್ಲರದೂ ಆದ ಮೇಲೆ ನಮ್ಮದು. ಅಷ್ಟು ಹೊತ್ತಿಗೆ ಸಾರಿನಲ್ಲಿ ಕಾಳು ಇರುವುದಿಲ್ಲ. ಪಲ್ಯದ ಪಾತ್ರೆ ಖಾಲಿ. ಮುದ್ದೆ ಆರಿ ಗಟ್ಟಿಯಾಗಿರುತ್ತದೆ. ತಳ ಕೆರೆದು ಉಂಡು ಏಳುತ್ತೇವೆ. ನಿನ್ನೆಯ ತಂಗಳು ಮಿಕ್ಕಿದ್ದರೆ ಅದೂ ನಮ್ಮ ಪಾಲಿಗೆ.

ನೆಂಟರು ಬಂದರಂತೂ ಇನ್ನೂ ಕಷ್ಟ. "ನನಗೆ ಹಸಿವಿಲ್ಲ" ಅಂತ ಸುಳ್ಳು ಹೇಳಿ ನೀರು ಕುಡಿದು ಮಲಗುತ್ತೇವೆ.

ಇದನ್ನು ನಾವು ತ್ಯಾಗ ಅಂದುಕೊಂಡಿದ್ದೇವೆ. ಆದರೆ ನಮ್ಮ ಮೈ ಏನು ಹೇಳುತ್ತದೆ?

ರಕ್ತ ಕಡಿಮೆಯಾದರೆ

ಸ್ವಲ್ಪ ಕೆಲಸಕ್ಕೇ ಸುಸ್ತು. ಎದ್ದು ನಿಂತರೆ ತಲೆ ಸುತ್ತು. ನೀರಿನ ಕೊಡ ಹೊತ್ತು ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು. ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿರುವುದು. ಇವು ರಕ್ತಹೀನತೆಯ ಗುರುತುಗಳು.

ಇದು ಒಬ್ಬಿಬ್ಬರ ತೊಂದರೆ ಅಲ್ಲ. 2019-21ರಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯಿತು. ಅದರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಅಂದರೆ ಇಬ್ಬರು ಗೆಳತಿಯರು ಕೂತರೆ, ಹೆಚ್ಚುಕಡಿಮೆ ಅವರಲ್ಲಿ ಒಬ್ಬಳಿಗೆ.

ನಮಗೇ ಏಕೆ ಹೆಚ್ಚು? ಪ್ರತಿ ತಿಂಗಳು ಮುಟ್ಟಿನಲ್ಲಿ ರಕ್ತ ಹೋಗುತ್ತದೆ. ಬಸುರಿ ಆದಾಗ ಮಗುವಿಗೂ ರಕ್ತ ಬೇಕು. ಹೆರಿಗೆಯಲ್ಲಿ ಮತ್ತೆ ರಕ್ತ ಹೋಗುತ್ತದೆ. ಹೋದ ರಕ್ತವನ್ನು ಮೈ ಮತ್ತೆ ಮಾಡಿಕೊಳ್ಳಬೇಕು. ಅದಕ್ಕೆ ಕಬ್ಬಿಣದ ಅಂಶ ಬೇಕು. ಅದು ಊಟದಿಂದ ಬರಬೇಕು. ಹೀಗೆ ಹೆಚ್ಚು ಬೇಕಾದವರೇ ಕಡಿಮೆ ಉಂಡರೆ ಹೇಗೆ?

ಬಸ್ಸಾರಿನ ಪಾಠ

ಒಳ್ಳೆಯ ಊಟ ಅಂದರೆ ದುಡ್ಡಿನ ಊಟ ಅಲ್ಲ. ನಮ್ಮ ಬಸ್ಸಾರನ್ನೇ ನೋಡಿ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸುತ್ತೇವೆ. ನೀರು ಬಸಿಯುತ್ತೇವೆ. ಬಸಿದ ಕಟ್ಟಿಗೆ ಖಾರ ಹಾಕಿ ಸಾರು ಮಾಡುತ್ತೇವೆ. ಉಳಿದ ಸೊಪ್ಪು, ಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತೇವೆ. ಬೇಯುವಾಗ ಸೊಪ್ಪಿನ ಸತ್ವ ಸ್ವಲ್ಪ ನೀರಿಗೆ ಇಳಿಯುತ್ತದೆ. ಬಸ್ಸಾರಿನಲ್ಲಿ ಆ ನೀರು ಚೆಲ್ಲಿ ಹೋಗುವುದಿಲ್ಲ. ಇದನ್ನು ನಮಗೆ ಡಾಕ್ಟರು ಹೇಳಿಕೊಡಲಿಲ್ಲ. ನಮ್ಮ ಅಜ್ಜಿಯರು ಹೇಳಿಕೊಟ್ಟರು.

ದಂಟಿನ ಸೊಪ್ಪು, ನುಗ್ಗೆ ಸೊಪ್ಪು, ಹೊಲದ ಬೆರಕೆ ಸೊಪ್ಪು ಎಲ್ಲವೂ ಒಳ್ಳೆಯವು. ಹುರುಳಿ, ಹೆಸರು, ಅಲಸಂದೆ ಕಾಳುಗಳೂ ಒಳ್ಳೆಯವು. ಕಾಳನ್ನು ರಾತ್ರಿ ನೆನೆಸಿ. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆ ಬಂದ ಕಾಳಿನ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಮಾಂಸ, ಮೀನು, ಮೊಟ್ಟೆ ತಿನ್ನುವ ಮನೆಯಲ್ಲಿ ನಮ್ಮ ತಟ್ಟೆಗೂ ಒಂದು ತುಂಡು ಬೀಳಬೇಕು. ಬರೀ ಅದರ ರಸ ಅಲ್ಲ.

ರಾಗಿ ಬಡವರ ಊಟ ಅಂತ ಕೆಲವರು ಮೂಗು ಮುರಿಯುತ್ತಿದ್ದರು. ಆದರೆ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ ಇದೆ. ಅದು ಮೂಳೆಗೆ ಬೇಕು. ಬಿಳಿ ಅಕ್ಕಿಯಲ್ಲಿ ಅದು ಬಹಳ ಕಡಿಮೆ. 2023ನೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಸಾರಿತು. ಈಗ ಪೇಟೆಯವರೂ ರಾಗಿ ಹುಡುಕುತ್ತಾರೆ.

ನಿಂಬೆ ಬೇಕು, ಟೀ ಆಮೇಲೆ

ಸೊಪ್ಪು, ಕಾಳು ಉಂಡರೆ ಮಾತ್ರ ಸಾಲದು. ಅದರ ಕಬ್ಬಿಣದ ಅಂಶ ಮೈಗೆ ಹತ್ತಬೇಕು. ಹುಳಿ ಹಣ್ಣುಗಳು ಅದಕ್ಕೆ ಸಹಾಯ ಮಾಡುತ್ತವೆ. ಊಟದ ಜೊತೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ. ಒಲೆಯ ಮೇಲಿರುವಾಗ ಹಿಂಡಬೇಡಿ. ಬಿಸಿಗೆ ಅದರ ಸತ್ವ ಹಾಳಾಗುತ್ತದೆ. ನೆಲ್ಲಿಕಾಯಿ, ಸೀಬೆಹಣ್ಣು ತಿಂದರೂ ಸರಿ.

ಟೀ, ಕಾಫಿ ಇದಕ್ಕೆ ಉಲ್ಟಾ. ಅವು ಕಬ್ಬಿಣದ ಅಂಶವನ್ನು ತಡೆಯುತ್ತವೆ. ಟೀ ಬಿಡಿ ಅಂತ ನಾವು ಹೇಳುವುದಿಲ್ಲ. ಅದೂ ಒಂದು ಸಂತೋಷ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆ ಬಿಡಿ, ಸಾಕು. ಹಸಿವು ಮುಚ್ಚಲು ಮಾತ್ರ ಟೀ ಕುಡಿಯಬೇಡಿ.

ಗೆಳತಿಯರು ಯಾಕೆ ಬೇಕು?

ಅವರೆಕಾಯಿ ಕಾಲ ಬಂತು ಅಂದರೆ ನಮಗೆ ಹಬ್ಬ. ಕಾಯಿ ಸುಲಿಯಬೇಕು. ಕಾಳು ನೆನೆಸಬೇಕು. ಒಂದೊಂದೇ ಕಾಳು ಹಿತುಕಿ ಸಿಪ್ಪೆ ತೆಗೆಯಬೇಕು. ಒಬ್ಬಳೇ ಕೂತರೆ ಬೆರಳು ನೋಯುತ್ತದೆ. ನಾಲ್ಕು ಜನ ಜಗಲಿ ಮೇಲೆ ಕೂತರೆ ಕೆಲಸ ಆಗಿದ್ದೇ ತಿಳಿಯುವುದಿಲ್ಲ. ನಗು, ಹಾಡು, ಊರಿನ ಸುದ್ದಿ ಎಲ್ಲ ಅಲ್ಲೇ.

ಅಲ್ಲೇ ಒಬ್ಬಳು ಮೆಲ್ಲಗೆ ಹೇಳುತ್ತಾಳೆ, "ಯಾಕೋ ನಿಂತರೆ ಕಣ್ಣು ಕತ್ತಲೆ ಬರುತ್ತೆ ಕಣೇ." ಇನ್ನೊಬ್ಬಳು, "ನನಗೂ ಹಂಗೇ ಆಗುತ್ತೆ" ಅನ್ನುತ್ತಾಳೆ. ಮನೆಯಲ್ಲಿ ಹೇಳದ ಮಾತು ಇಲ್ಲಿ ಹೊರಗೆ ಬರುತ್ತದೆ. ಒಬ್ಬಳೇ ಆಸ್ಪತ್ರೆಗೆ ಹೋಗಲು ಹಿಂಜರಿಕೆ. ಇಬ್ಬರು ಸೇರಿದರೆ ಧೈರ್ಯ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳಿನಿಂದ ಹನಿ ರಕ್ತ ತೆಗೆದು ಹಿಮೋಗ್ಲೋಬಿನ್ ನೋಡುತ್ತಾರೆ. ಅದು ನಮಗೆ 12 ಇರಬೇಕು. ಬಸುರಿಗೆ 11ಕ್ಕಿಂತ ಕಡಿಮೆ ಇರಬಾರದು. ಕಡಿಮೆ ಇದ್ದರೆ ಮಾತ್ರೆ ಕೊಡುತ್ತಾರೆ. ಮಾತ್ರೆ ನುಂಗಿದಾಗ ಮಲ ಕಪ್ಪಾಗಬಹುದು. ಹೆದರಿ ನಿಲ್ಲಿಸಬೇಡಿ.

ಜೊತೆಯಲ್ಲಿ ಉಣ್ಣುವುದರ ಬೆಲೆ ಸರ್ಕಾರಕ್ಕೂ ತಿಳಿಯಿತು. 2017ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ 'ಮಾತೃಪೂರ್ಣ' ಯೋಜನೆ ಶುರುವಾಯಿತು. ಅದಕ್ಕೆ ಮುಂಚೆ ಬಸುರಿ, ಬಾಣಂತಿಯರಿಗೆ ದಿನಸಿಯನ್ನು ಮನೆಗೆ ಕೊಡುತ್ತಿದ್ದರು. ಮನೆಗೆ ಹೋದದ್ದು ಎಲ್ಲರ ತಟ್ಟೆಗೂ ಹಂಚಿಹೋಗುತ್ತಿತ್ತು. ಕೊನೆಗೆ ಉಣ್ಣುವವಳಿಗೆ ಎಷ್ಟು ಉಳಿದೀತು? ಅದಕ್ಕೆ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸಲು ಶುರುಮಾಡಿದರು. ದೂರದ ಮನೆಯವರಿಗೆ ನಡೆದು ಬರುವುದು ಕಷ್ಟವಾಯಿತು. ಬಾಣಂತಿಯನ್ನು ಹೊಸಿಲು ದಾಟಿಸಲು ಒಪ್ಪದ ಮನೆಗಳೂ ಇದ್ದವು. ಆದರೂ ಒಂದು ಮಾತು ಸತ್ಯ. ಗೆಳತಿಯರ ಜೊತೆ ಕೂತು ಉಂಡವಳ ಊಟ ಅವಳ ಹೊಟ್ಟೆಗೇ ಹೋಗುತ್ತದೆ.

ನಾವು ಏನು ಮಾಡೋಣ?

ಮುದ್ದೆ ಕಟ್ಟುವಾಗ ತಲೆ ಲೆಕ್ಕ ಹಾಕುತ್ತೇವೆ. ಆ ಲೆಕ್ಕದಲ್ಲಿ ನಮ್ಮ ತಲೆಯನ್ನೂ ಸೇರಿಸೋಣ. ಬಡಿಸುವ ಮುಂಚೆಯೇ ನಮ್ಮ ಪಾಲಿನ ಕಾಳು, ಪಲ್ಯ ತೆಗೆದಿಡೋಣ.

ರಾತ್ರಿಯಾದರೂ ಎಲ್ಲರೂ ಒಟ್ಟಿಗೆ ಕೂರೋಣ. ಪಾತ್ರೆಗಳನ್ನು ನಡುವೆ ಇಟ್ಟುಕೊಳ್ಳೋಣ. ಬೇಕಾದವರು ಬಡಿಸಿಕೊಳ್ಳಲಿ. ಬಿಸಿ ಮುದ್ದೆ ಮಾಡಿದವಳೂ ಅದನ್ನು ಬಿಸಿಯಾಗಿ ಉಣ್ಣಲಿ. ಇದು ಸಣ್ಣ ಸಂತೋಷ. ಇದಕ್ಕೆ ಕಾಸು ಖರ್ಚಿಲ್ಲ.

"ಇದೇನು ಹೊಸ ಪದ್ಧತಿ?" ಅಂತ ಮನೆಯವರು ಕೇಳಬಹುದು. ಜಗಳ ಬೇಡ. ಈ ಪಾಠವನ್ನು ಅವರಿಗೆ ಓದಿ ಹೇಳಿ. ಓದಲು ಕಲಿತದ್ದು ಇದಕ್ಕೂ ಬರಲಿ.

ಮಗಳ ಮುಂದೆ ನಾವು ತಳ ಕೆರೆದು ಉಂಡರೆ, ನಾಳೆ ಅವಳೂ ಹಾಗೇ ಉಣ್ಣುತ್ತಾಳೆ. ಮಗನಿಗೆ ಮೊಟ್ಟೆ, ಮಗಳಿಗೆ ರಸ ಅನ್ನುವುದು ಬೇಡ. ಇಬ್ಬರಿಗೂ ಸಮ ಬಡಿಸೋಣ.

"ಊಟ ಬಲ್ಲವನಿಗೆ ರೋಗವಿಲ್ಲ" ಅನ್ನುತ್ತದೆ ಗಾದೆ. ಊಟ ಬಲ್ಲವಳಿಗೂ ರೋಗ ಬೇಡ.

ಮಾತಾಡೋಣ, ಬರೆಯೋಣ

1. ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಏಕೆ?

2. ನಿಮ್ಮ ಊರಿನಲ್ಲಿ ಸಿಗುವ ಐದು ಸೊಪ್ಪುಗಳ ಹೆಸರು ಬರೆಯಿರಿ.

3. ಒಂದು ವಾರ ನೀವು ಏನು ಉಂಡಿರಿ, ಎಷ್ಟು ಹೊತ್ತಿಗೆ ಉಂಡಿರಿ ಎಂದು ದಿನವೂ ಬರೆದಿಡಿ. ಗೆಳತಿಗೆ ತೋರಿಸಿ. ಅವಳದನ್ನೂ ನೋಡಿ.