ಎರೆಹೊಲದ ಇಲಿ

ಇಲಿ ಎಂದೊಡನೆ ಮನೆಯ ಇಲಿಯೇ ನಮ್ಮ ನೆನಪಿಗೆ ಬರುತ್ತದೆ. ಹೊಲದಲ್ಲಿ ತೆನೆ ಕಡಿಯುವ ಇಲಿಗಳು ಬೇರೆ; ಅವುಗಳಲ್ಲಿಯೂ ಹಲವು ಜಾತಿಗಳುಂಟು. ಆದವಾನಿ, ಆಲೂರು ಸೀಮೆಯಂತಹ ಎರೆಭೂಮಿಗೆ ಒಗ್ಗಿದ ಒಂದು ಜಾತಿಯನ್ನು ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಅರಿತಿರುವುದು ಲೇಸು.

ಇದರ ಶಾಸ್ತ್ರೀಯ ನಾಮ ಮಿಲ್ಲಾರ್ಡಿಯ ಮೆಲ್ಟಾಡ. ಮೈ ಸುಮಾರು ಗೇಣುದ್ದಕ್ಕಿಂತ ಕಡಿಮೆ. ತುಪ್ಪಳ ಬಹಳ ಮೃದು. ಬೆನ್ನು ಬೂದುಗಂದು, ಹೊಟ್ಟೆ ಬಿಳುಪು. ಮನೆಯ ಇಲಿಯ ಹಿಂಗಾಲಿನ ಅಡಿಯಲ್ಲಿ 6 ಮೆತ್ತೆಗಳಿದ್ದರೆ ಇದಕ್ಕೆ 4 ಅಥವಾ 5 ಮಾತ್ರ.

1837ರಲ್ಲಿ ಇಂಗ್ಲೆಂಡಿನ ಗ್ರೇ ಎಂಬ ಪಂಡಿತರು ಧಾರವಾಡ ಸೀಮೆಯ ಮಾದರಿಯನ್ನು ಪರೀಕ್ಷಿಸಿ ಇದನ್ನು 'ಗೋಲುಂಡ' ಕುಲಕ್ಕೆ ಸೇರಿಸಿದರು. ಆ ಕುಲದ ಹೆಸರು ಕನ್ನಡದ 'ಗುಲಂದಿ' ಎಂಬುದರಿಂದ ಬಂದುದು. 'ಮೆಲ್ಟಾಡ'ವಾದರೋ ಕೆರೆ ಅಗೆಯುವ ಒಡ್ಡರು ಬಳಸುತ್ತಿದ್ದ 'ಮೆಟ್ಟಾಡೆ' ಎಂಬ ಮಾತು. 1911ರಲ್ಲಿ ಥಾಮಸ್ ಎಂಬವರು ಇದನ್ನು ಬೇರ್ಪಡಿಸಿ, ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಕಾರ್ಯದರ್ಶಿ ಮಿಲ್ಲಾರ್ಡರ ಹೆಸರಿನಲ್ಲಿ ಹೊಸ ಕುಲವನ್ನು ಸ್ಥಾಪಿಸಿದರು. ಈ ಕುಲದ 4 ಜಾತಿಗಳಲ್ಲಿ ಒಂದು ಪುಣೆಯ ಬಳಿಯ ಸಿಂಹಗಡದಲ್ಲಿಯೂ ಇನ್ನೊಂದು ಮ್ಯಾನ್ಮಾರಿನಲ್ಲಿಯೂ ಮತ್ತೊಂದು ಸಿಂಧ್, ಕಚ್ಛಗಳ ಒಣನೆಲದಲ್ಲಿಯೂ ಇವೆ. ನಮ್ಮ ಮೆಲ್ಟಾಡವು ಪಾಕಿಸ್ತಾನ, ನೇಪಾಳಗಳಿಂದ ಭಾರತದ ಮೂಲಕ ಶ್ರೀಲಂಕೆಯವರೆಗೆ ಹರಡಿದೆ.

ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ಟರು 1839ರಲ್ಲಿ ಪ್ರಕಟಿಸಿದ ವಿವರಣೆ ಗಮನಾರ್ಹವಾದುದು. ಈ ಇಲಿ ಆಳವಾದ ಬಿಲವನ್ನು ತೋಡುವುದಿಲ್ಲ. ಪೊದೆಯ ಬುಡ, ಕಲ್ಲುರಾಶಿ, ಬೇಸಗೆಯಲ್ಲಿ ಎರೆಮಣ್ಣು ಬಿರಿದಾಗ ಉಂಟಾಗುವ ಬಿರುಕು, ಇವೇ ಅದರ ಮನೆ. ಮುಂಗಾರು ಚೆನ್ನಾಗಿ ಸುರಿದರೆ ಬಿರುಕುಗಳು ಮುಚ್ಚಿಕೊಂಡು ಅಸಂಖ್ಯ ಇಲಿಗಳು ಸಾಯುತ್ತವೆ. 1826ರಲ್ಲಿ ಮೊದಲ ಮಳೆ ಸಾಲದೆ ಹೋಯಿತು. ಇಲಿಗಳು ಮಿತಿಮೀರಿ ಬೆಳೆದವು. ಬಿತ್ತಿದ ಬೀಜವನ್ನು ತಿಂದವು. ಜೋಳದ ದಂಟನ್ನೇರಿ ತೆನೆಗಳನ್ನು ಕತ್ತರಿಸಿದವು. ರೈತರು ಕಂದಾಯ ಕೊಡಲಾರದಾದರು. ಕಾಳು ಕೊಟ್ಟು ಒಡ್ಡರಿಂದ ಸಾವಿರಗಟ್ಟಲೆ ಕೊಲ್ಲಿಸಿದರೂ ಅವುಗಳ ಸಂಖ್ಯೆ ಇಳಿದಂತೆ ಕಾಣಲಿಲ್ಲ. ಒಂದು ಸೂಲಿಗೆ 6ರಿಂದ 8 ಮರಿಗಳನ್ನು ಹಾಕುವ ಪ್ರಾಣಿಯಲ್ಲವೇ!

ಇದರಿಂದ ತಿಳಿಯಬೇಕಾದುದು ಸ್ಪಷ್ಟವಾಗಿದೆ. ಮುಂಗಾರು ತಡವಾದ ವರ್ಷವೇ ಎಚ್ಚರದ ವರ್ಷ. ಇಲಿ ಹೆಚ್ಚಿದ ಮೇಲೆ ಕೊಲ್ಲುವುದಕ್ಕಿಂತ, ಬಿತ್ತನೆಗೆ ಮುನ್ನವೇ ಊರಿನವರೆಲ್ಲರೂ ಕೂಡಿ ಬದುಗಳ ಪೊದೆಗಳನ್ನೂ ಕಲ್ಲುರಾಶಿಗಳನ್ನೂ ತೆಗೆಯುವುದು ಮೇಲು. ಇಲಿಗಳನ್ನು ಹಿಡಿದು ತಿನ್ನುವ ಗೂಬೆಯನ್ನೂ ಕೇರೆಹಾವನ್ನೂ ಕೊಲ್ಲದಿರುವುದು ಅದಕ್ಕಿಂತಲೂ ಸುಲಭವಾದ ಕೆಲಸ.