ಒಳ್ಳೆಯ ಸೂಕ್ಷ್ಮಾಣು ಎಚ್‌ಐವಿಯನ್ನು ತಡೆದೀತೆ?

ರಾತ್ರಿ ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಮೊಸರಾಗಿರುತ್ತದೆ. ಈ ಕೆಲಸ ಮಾಡುವ ಸೂಕ್ಷ್ಮಾಣುಗಳ ಬಂಧುಗಳು ಆರೋಗ್ಯವಂತ ಮಹಿಳೆಯ ಯೋನಿಯಲ್ಲೂ ನೆಲೆಸಿರುತ್ತವೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಈ ಜೀವಿಗಳು ಲ್ಯಾಕ್ಟಿಕ್ ಆಮ್ಲ ತಯಾರಿಸಿ ಅಲ್ಲಿನ ಪರಿಸರವನ್ನು ಹುಳಿಯಾಗಿ ಇಡುತ್ತವೆ. ಆ ಹುಳಿಯಲ್ಲಿ ಅನೇಕ ರೋಗಾಣುಗಳು ಬೆಳೆಯಲಾರವು.

ಇವುಗಳ ಸಂಖ್ಯೆ ಕುಸಿದಾಗ ಬೇರೆ ಬ್ಯಾಕ್ಟೀರಿಯಾಗಳು ಆ ಜಾಗವನ್ನು ಆಕ್ರಮಿಸುತ್ತವೆ. ಇದೇ ಬ್ಯಾಕ್ಟೀರಿಯಲ್ ವಜೈನೋಸಿಸ್. ಮೀನಿನ ವಾಸನೆಯ ತೆಳುವಾದ ಬಿಳಿಸೆರಗು ಇದರ ಲಕ್ಷಣ. ಎಷ್ಟೋ ಮಹಿಳೆಯರಲ್ಲಿ ಯಾವ ಲಕ್ಷಣವೂ ಕಾಣಿಸದು. ಆದರೆ ಒಳಗೆ ಉರಿಯೂತವಿದ್ದರೆ ರಕ್ಷಣೆಗೆಂದು ಸಿಡಿ4 ಕಣಗಳು ಅಲ್ಲಿಗೆ ಧಾವಿಸುತ್ತವೆ. ಎಚ್‌ಐವಿ ಹೊಕ್ಕುವುದು ಈ ಕಣಗಳನ್ನೇ! ದಕ್ಷಿಣ ಆಫ್ರಿಕಾದ ಡರ್ಬನ್ ಬಳಿ ಯುವತಿಯರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪೇಟಸ್ ಹೇರಳವಾಗಿದ್ದವರಿಗಿಂತ ಬಗೆಬಗೆಯ ಇತರ ಬ್ಯಾಕ್ಟೀರಿಯಾ ತುಂಬಿದ್ದವರಲ್ಲಿ ಎಚ್‌ಐವಿ ತಗಲುವ ಅಪಾಯ ನಾಲ್ಕು ಪಟ್ಟಿಗೂ ಹೆಚ್ಚಿತ್ತು.

ಹಾಗಾದರೆ ಒಳ್ಳೆಯ ಸೂಕ್ಷ್ಮಾಣುವನ್ನೇ ಔಷಧಿಯಾಗಿ ಕೊಡಬಹುದಲ್ಲವೇ? ಗಂಡ ಕಾಂಡೋಮ್ ಬೇಡವೆಂದರೆ ಎದುರಾಡಲಾಗದ ಹೆಣ್ಣಿಗೆ, ತನ್ನ ಕೈಯಲ್ಲೇ ಇರುವ ರಕ್ಷಣೆ ದೊಡ್ಡ ಆಸರೆ. ಆದರೆ ಇಲ್ಲಿ ಆತುರ ಸಲ್ಲದು. ನೊನಾಕ್ಸಿನಾಲ್-9 ಎಂಬ ವೀರ್ಯಾಣುನಾಶಕ ಪ್ರಯೋಗಾಲಯದಲ್ಲಿ ಎಚ್‌ಐವಿಯನ್ನು ಕೊಲ್ಲುತ್ತಿತ್ತು. 2000ದಲ್ಲಿ ಪರೀಕ್ಷೆಯ ಫಲಿತಾಂಶ ಹೊರಬಿದ್ದಾಗ, ಅದನ್ನು ಪದೇಪದೇ ಬಳಸಿದವರಿಗೇ ಸೋಂಕು ಹೆಚ್ಚಾಗಿದ್ದುದು ತಿಳಿಯಿತು. ಅದು ಒಳಪದರವನ್ನೇ ಗಾಯಗೊಳಿಸುತ್ತಿತ್ತು. ನಮ್ಮ ಬಾಗಲಕೋಟೆಯ ಮಹಿಳೆಯರೂ ಭಾಗವಹಿಸಿದ್ದ ಸೆಲ್ಯುಲೋಸ್ ಸಲ್ಫೇಟ್ ಜೆಲ್ ಪರೀಕ್ಷೆಯನ್ನು 2007ರ ಜನವರಿಯಲ್ಲಿ ಇಂಥದೇ ಆತಂಕದಿಂದ ನಿಲ್ಲಿಸಬೇಕಾಯಿತು.

ಆದ್ದರಿಂದಲೇ ಮೊದಲ ಪ್ರಶ್ನೆ 'ಕೆಲಸ ಮಾಡುತ್ತದೆಯೇ?' ಎಂಬುದಲ್ಲ, 'ಕೆಡುಕು ಮಾಡುತ್ತದೆಯೇ?' ಎಂಬುದು. ಲ್ಯಾಕ್ಟಿನ್-ವಿ ಎಂಬ ಕ್ರಿಸ್ಪೇಟಸ್ ಪುಡಿಯ ಮೊದಲ ಹಂತದ ಪರೀಕ್ಷೆಯಲ್ಲಿ ಇದ್ದವರು ಕೇವಲ 12 ಮಂದಿ ಆರೋಗ್ಯವಂತ ಮಹಿಳೆಯರು. ಮೂರು ಪ್ರಮಾಣಗಳಲ್ಲಿ, 5 ದಿನ, ಕೆಲವರಿಗೆ ಔಷಧಿ, ಕೆಲವರಿಗೆ ಹುಸಿಮದ್ದು. ನಂತರ ಕಾಲ್ಪೋಸ್ಕೋಪಿನಿಂದ ಒಳಪದರದ ತಪಾಸಣೆ ಮತ್ತು ಪ್ರಯೋಗಾಲಯ ಪರೀಕ್ಷೆಗಳು ನಡೆದವು. ಕಂಡ ತೊಂದರೆಗಳಲ್ಲಿ ಹೆಚ್ಚಿನವು ಅಲ್ಪ. ಗಂಭೀರವಾದದ್ದು ಒಂದೂ ಇರಲಿಲ್ಲ. 2009ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಮುಂದೆ 228 ಮಹಿಳೆಯರ ಪರೀಕ್ಷೆಯಲ್ಲಿ (2020) ಆಂಟಿಬಯೋಟಿಕ್ ಚಿಕಿತ್ಸೆಯ ನಂತರ ಈ ಪುಡಿ ಬಳಸಿದವರಲ್ಲಿ 12 ವಾರಗಳೊಳಗೆ ವಜೈನೋಸಿಸ್ ಮರುಕಳಿಸಿದ್ದು ಶೇ. 30 ಮಂದಿಗೆ, ಹುಸಿಮದ್ದಿನವರಲ್ಲಿ ಶೇ. 45. ಗಮನಿಸಿ, ಇದು ವಜೈನೋಸಿಸ್ ಕುರಿತ ಸಾಕ್ಷ್ಯ. ಎಚ್‌ಐವಿಯನ್ನು ತಡೆದಿದೆ ಎಂಬ ಸಾಕ್ಷ್ಯವಲ್ಲ. ವೈರಾಣುವನ್ನು ಹಿಡಿಯುವ ಪ್ರೋಟೀನ್ ತಯಾರಿಸುವಂತೆ ಮಾರ್ಪಡಿಸಿದ ಮತ್ತೊಂದು ಲ್ಯಾಕ್ಟೋಬ್ಯಾಸಿಲಸ್, ಮಂಗಗಳಲ್ಲಿ ಎಚ್‌ಐವಿಯನ್ನು ಹೋಲುವ ವೈರಾಣುವಿನ ಸೋಂಕನ್ನು ಶೇ. 63ರಷ್ಟು ತಗ್ಗಿಸಿತ್ತು (2011). ಮಂಗನಿಂದ ಮನುಷ್ಯನವರೆಗಿನ ದಾರಿ ದೂರ.

'ಮೊಸರನ್ನೇ ಹಚ್ಚಿಕೊಂಡರೆ?' ಎಂದು ಕೆಲವರು ಕೇಳುತ್ತಾರೆ. ಬೇಡ. ಮೊಸರಿನ ಸೂಕ್ಷ್ಮಾಣುಗಳ ಜಾತಿಯೇ ಬೇರೆ. ಊಟಕ್ಕೆ ಅದು ಒಳ್ಳೆಯದು, ಅಷ್ಟೇ. ಸೋಪು, ಡೆಟಾಲ್ ಹಾಕಿ ಯೋನಿಯ ಒಳಗೆ ತೊಳೆಯುವ ಅಭ್ಯಾಸವನ್ನೂ ಬಿಡಿ. ಕಾವಲುಗಾರರನ್ನು ನೀವೇ ಓಡಿಸಿದಂತಾಗುತ್ತದೆ. ವಾಸನೆಯ ಬಿಳಿಸೆರಗಿದ್ದರೆ ನಾಚಿಕೆ ಬಿಟ್ಟು ವೈದ್ಯರಿಗೆ ತೋರಿಸಿ. ಕಾಂಡೋಮ್ ಇಂದಿಗೂ ನಂಬಬಹುದಾದ ರಕ್ಷಣೆ. ಸಂದೇಹವಿದ್ದರೆ ಸರ್ಕಾರಿ ಆಸ್ಪತ್ರೆಯ ಆಪ್ತ ಸಮಾಲೋಚನಾ ಕೇಂದ್ರದಲ್ಲಿ ಉಚಿತವಾಗಿ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಬಹುದು. ನಿಮ್ಮ ಹೆಸರು ಗುಟ್ಟಾಗಿರುತ್ತದೆ.