ಹುತ್ರಿದುರ್ಗದ ಸಾಕ್ಷಿಗಳು

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗವು 3,713 ಅಡಿ ಎತ್ತರದ ಬೆಟ್ಟ. ನೆತ್ತಿಯಲ್ಲಿ ಶಂಕರೇಶ್ವರನ ಗುಡಿ, ಮೈಮೇಲೆಲ್ಲ ಕೋಟೆಯ ಗೋಡೆಗಳು, ಬುಡದಲ್ಲಿ ಸಂತೆಪೇಟೆಯೆಂಬ ಹಳ್ಳಿ. ಒಂದಾನೊಂದು ಕಾಲದಲ್ಲಿ ಇಲ್ಲಿ ಜನರೂ ವ್ಯಾಪಾರವೂ ತುಂಬಿದ್ದವೆಂಬುದಕ್ಕೆ ಈ ಹಳ್ಳಿಯ ಹೆಸರೇ ಮೊದಲ ಸಾಕ್ಷಿ. ಸಂತೆ ನೆರೆಯದಲ್ಲಿ ಸಂತೆಪೇಟೆ ಎಲ್ಲಿಂದ ಬರಬೇಕು?

ದುರ್ಗವನ್ನು ಕಟ್ಟಿಸಿದವರು ಯಾರೆಂದು ಕೇಳಿದರೆ ಸುತ್ತಿನವರೆಲ್ಲರೂ ಕೆಂಪೇಗೌಡರೆನ್ನುವರು. ಆದರೆ ಯಲಹಂಕದ ನಾಡಪ್ರಭುಗಳ ವಂಶದಲ್ಲಿ ಆ ಹೆಸರಿನವರು ಒಬ್ಬರಲ್ಲ. 1638ರಲ್ಲಿ ಬಿಜಾಪುರದವರಿಗೆ ಬೆಂಗಳೂರನ್ನು ಬಿಟ್ಟುಕೊಟ್ಟ ಮೇಲೆ ಈ ಮನೆತನವು ಮಾಗಡಿಯಲ್ಲಿ ನೆಲೆಯಾಗಿ, 1728ರಲ್ಲಿ ಮೈಸೂರಿನವರ ಕೈಸೇರುವವರೆಗೆ ಆಳಿತು. ಜನರ ನೆನಪು ಇವರೆಲ್ಲರನ್ನೂ ಒಬ್ಬನನ್ನಾಗಿ ಮಾಡಿಬಿಟ್ಟಿದೆ. ಇಂತಹ ಕಡೆ ಬರಹದ ಸಾಕ್ಷ್ಯವೇ ಬೇಕಾಗುವುದು.

ಸಾಕ್ಷ್ಯಗಳಲ್ಲಿ ಹಿರಿಯದು ಕಲ್ಲು. ಬಿ. ಎಲ್. ರೈಸರು ತುಮಕೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟವಾಗಿ 1904ರಲ್ಲಿ ಅಚ್ಚು ಹಾಕಿಸಿದರು. ಕುಣಿಗಲ್ ಸೀಮೆಯ ಕಲ್ಲುಗಳೂ ಅದರಲ್ಲಿ ಸೇರಿವೆ. ದಾನಶಾಸನವನ್ನು ಓದುವುದು ನಾವೆಣಿಸುವಷ್ಟು ಕಷ್ಟವಲ್ಲ. ಮೇಲೆ ಸೂರ್ಯಚಂದ್ರರು, ‘ಸ್ವಸ್ತಿ’ ಎಂದು ಆರಂಭ, ಶಕವರ್ಷ, ಸಂವತ್ಸರ, ತಿಥಿ, ಕೊಟ್ಟವರು, ಪಡೆದವರು, ಭೂಮಿಯ ಎಲ್ಲೆಗಳು, ಕಡೆಗೆ, ದತ್ತಿಯನ್ನು ಅಪಹರಿಸಿದವನಿಗೆ ಘೋರವಾದ ಶಾಪ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ದೊರೆಯುವುದು.

ಕಲ್ಲಿನ ಮಾತಿಗೂ ಬಾಯಿಮಾತಿಗೂ ಎಷ್ಟು ಅಂತರವಿರಬಹುದೆಂಬುದನ್ನು ತುಮಕೂರಿನ ಬಳಿಯ ಕೈದಾಳದಲ್ಲಿ ಕಾಣಬಹುದು. ಜಕಣಾಚಾರಿಯ ಕಡಿದುಹೋದ ಕೈ ಮರಳಿ ಬಂದ ಊರೆಂದು ಕತೆ. ಅಲ್ಲಿಯ ಶಾಸನವು ಮಾತ್ರ ಹೊಯ್ಸಳ ಒಂದನೆಯ ನರಸಿಂಹನ ಸಾಮಂತನಾದ ಗೂಳಿಬಾಚಿಯ ಧರ್ಮಕಾರ್ಯಗಳನ್ನು ಹೊಗಳುತ್ತದೆ. ಕತೆಯ ಸೊಗಸು ಕತೆಗಿರಲಿ. ಗುಡಿಗೆ ಹಣ ತೆತ್ತವನ ಹೆಸರನ್ನು ನಾವೇಕೆ ಮರೆಯಬೇಕು?

ಹುತ್ರಿದುರ್ಗದ ಬಗೆಗೆ ದಿನವನ್ನೂ ತಪ್ಪದೆ ಹೇಳುವ ಬರಹಗಳು ಶತ್ರುಗಳವು! ಟಿಪ್ಪುವಿನೊಡನೆ ಯುದ್ಧ ನಡೆಯುತ್ತಿದ್ದಾಗ, 1791ರ ಡಿಸೆಂಬರ್ 21ರಂದು ಸಾವನದುರ್ಗವು ಬಿದ್ದಿತು. ಮೂರೇ ದಿನಗಳ ಮೇಲೆ, 24ರಂದು, ಕರ್ನಲ್ ಸ್ಟೂಯರ್ಟನ ದಂಡು ಹುತ್ರಿದುರ್ಗವನ್ನು ಹಿಡಿಯಿತು. ನಮ್ಮ ಲೆಕ್ಕಕ್ಕೆ ಅದು ಶಕ 1713ನೆಯ ವಿರೋಧಿಕೃತ್ ಸಂವತ್ಸರ. ಆ ದಂಡಯಾತ್ರೆಯಲ್ಲಿದ್ದ ಮೇಜರ್ ಡೈರಮ್ 1793ರಲ್ಲಿ ಅದರ ವೃತ್ತಾಂತವನ್ನು ಪ್ರಕಟಿಸಿದನು. ಗೆದ್ದವರ ಲೇಖನಿಯಾದುದರಿಂದ ಫಿರಂಗಿ, ಬಾಗಿಲು, ಏಣಿಗಳ ಸುದ್ದಿ ಅದರಲ್ಲಿ ಧಾರಾಳ. ಪೇಟೆಯ ಮನೆಗಳ ಒಲೆಗಳು ಅಂದು ಹೊತ್ತಿದವೇ ಇಲ್ಲವೇ ಎಂಬುದನ್ನು ದಂಡಿನವರು ಬರೆದಿಡುವರೆ?

ಆ ಒಲೆಗಳ ಕಡೆಗೆ ಕೊಂಚ ಹತ್ತಿರ ಹೋಗುವವು ಕೈಫಿಯತ್ತುಗಳು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ಬಂದ ಕಾಲಿನ್ ಮೆಕೆಂಜಿಯು ಊರೂರಿನ ಹಿರಿಯರಿಂದಲೂ ಶಾನುಭೋಗರಿಂದಲೂ ಸ್ಥಳವೃತ್ತಾಂತಗಳನ್ನು ಬರೆಯಿಸಿ ತರಿಸಿದನು. ಅವುಗಳಲ್ಲಿ ಪುರಾಣವೂ ಕಂದಾಯವೂ ಒಂದೇ ಉಸಿರಿನಲ್ಲಿ ಬರುವುದುಂಟು. ಜರಡಿ ಹಿಡಿದು ಓದಬೇಕು. ಕನ್ನಡದ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು 1994ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದರು.

ಇನ್ನೊಂದು ಬಗೆಯ ಸಾಕ್ಷ್ಯವು ವಾಚಕರ ಅಟ್ಟದ ಮೇಲೆಯೇ ಇದ್ದೀತು. ಶಾನುಭೋಗಿಕೆಯ ಮನೆತನಗಳಲ್ಲಿ ಕಡತಗಳಿದ್ದುವು: ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು, ಮಡಿಸಿ, ಬಳಪದಿಂದ ಬರೆದಿಡುತ್ತಿದ್ದ ಪುಸ್ತಕ. ಯಾವ ಹೊಲ ಯಾರದು, ಯಾವ ಕೆರೆಯ ನೀರು ಯಾರಿಗೆ, ಯಾರು ಎಷ್ಟು ತೆತ್ತರು ಎಂಬ ಬಾಳಿನ ಲೆಕ್ಕ ಅದರಲ್ಲಿ. ಶಾಸನದ ಕಲ್ಲು ಬಟ್ಟೆ ಒಗೆಯುವ ಬಂಡೆಯಾದರೂ ರೈಸರು ಅಚ್ಚು ಹಾಕಿಸಿದ ಪಾಠ ಉಳಿದೀತು. ಕಡತಕ್ಕಾದರೋ ಪ್ರತಿಯೇ ಇರದು. ಹಬ್ಬಕ್ಕೆ ಮನೆ ಸಾರಿಸುವಾಗ ಕರಿಯ ಬಟ್ಟೆಯ ಕಟ್ಟು ಕೈಗೆ ಸಿಕ್ಕಿದರೆ ಅದರ ಧೂಳನ್ನು ಒಣಬಟ್ಟೆಯಿಂದ ಮೆಲ್ಲಗೆ ತೆಗೆಯತಕ್ಕದ್ದು. ಒದ್ದೆ ಕೈ ತಾಗಿತೋ, ಬಳಪದ ಅಕ್ಷರ ಅಳಿಸಿಹೋಗುವುದು.